ಎಡಗಡೆಯ ಖೋಲಿ

ಸಮುದ್ರಯಾನವು ಮನುಷ್ಯನ ದೃಷ್ಟಿಯನ್ನು ವಿಶಾಲಗೊಳಿಸುತ್ತದೆ, ಅಹಂಕಾರವನ್ನು ತಗ್ಗಿಸುತ್ತದೆ, ಕೊನೆಗೆ ಅವನನ್ನು ಅನಂತದ ಎದುರಿಗೆ ತಂದು ನಿಲ್ಲಿಸುತ್ತದೆ. ನನ್ನನ್ನು ಅದು ತಂದು ನಿಲ್ಲಿಸಿದ್ದು ಒಂದು ತಗಡಿನ ಬಕೆಟ್ಟಿನ ಎದುರಿಗೆ. ಆ ಬಕೆಟ್ಟಿನ ತಳದಿಂದಾಚೆಗೆ ನನ್ನ ದೃಷ್ಟಿ ವಿಶಾಲವಾಗುವ ಹೊತ್ತಿಗೆ ರತ್ನಾಗಿರಿ ಹಿಂದೆ ಬಿದ್ದಿತ್ತು. ಅಹಂಕಾರದ ಮಾತು ಕೇಳಬೇಡಿ. ಅದು ಬಕೆಟ್ಟಿನಲ್ಲೇ ಹೋಯಿತು.

ಈ ಪುರಾಣ ಈಗ ಎದ್ದುದಕ್ಕೆ ಕಾರಣ ಒಂದು ತಂಬಿಗೆ. ಮೊನ್ನೆ ನಮ್ಮ ಮನೆಯಾಕೆ ಅಟ್ಟದ ಮೇಲಿನಿಂದ ಅದನ್ನು ಇಳಿಸಿದಳು. ಹಳೆಯ ಕಾಲದ ತಾಮ್ರದ ತಂಬಿಗೆ, ಕತ್ತಿಗೆ ತಿರುಪಿನ ಗೆರೆಗಳಿವೆ. ಪರರ ನೀರು ಮುಟ್ಟದ ಮಡಿವಂತರು ಪ್ರಯಾಣ ಹೊರಟರೆ ಇಂಥದರಲ್ಲಿ ಮನೆಯ ನೀರು ತುಂಬಿ, ತಿರುಪಿನ ಮುಚ್ಚಳ ಬಿಗಿದು, ಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ನಮ್ಮ ತಂಬಿಗೆಗೆ ಮುಚ್ಚಳವಿಲ್ಲ. ಕೆಳಗೆ ಚಾಳಿನ ಮೆಟ್ಟಿಲ ಹತ್ತಿರ ಹಳೆ ಪಾತ್ರೆಗೆ ಸ್ಟೀಲಿನ ಡಬ್ಬಿ ಕೊಡುವ ಹೆಂಗಸು ಬುಟ್ಟಿ ಇಳಿಸಿ ಕೂತಿದ್ದಳು.

"ಮುಚ್ಚಳ ಇಲ್ಲದ ತಂಬಿಗಿ ಇಟ್ಕೊಂಡು ಏನ್ ಮಾಡೂದು?" ಎಂದಳು ನಮ್ಮಾಕೆ.

"ಮುಚ್ಚಳ ಅದ."

"ಎಲ್ಲೆ ಅದ?"

"ಅರಬೀ ಸಮುದ್ರದೊಳಗ."

ಅವಳು ತಂಬಿಗೆಯನ್ನು ತಿರುಗಿ ಅಟ್ಟದ ಮೇಲಿಟ್ಟಳು. ಇಷ್ಟು ವರ್ಷ ಸಂಸಾರ ಮಾಡಿದವರು ಕೆಲವು ಪ್ರಶ್ನೆಗಳನ್ನು ಮುಂದುವರಿಸುವುದಿಲ್ಲ.

ಹಡಗಿನಲ್ಲಿ ವಿಹಾರಕ್ಕೆ ಹೋಗಬೇಕೆಂಬ ಹುಚ್ಚು ನಮ್ಮ ಪರಿಚಯದವರಲ್ಲಿ ಈಗೀಗ ಬೆಳೆಯುತ್ತಿದೆ. ಹೊಸದಾಗಿ ಮದುವೆಯಾದವರು, ಡಾಕ್ಟರು ಗಾಳಿ ಬದಲಾಯಿಸಿ ಎಂದವರು, ಮನೆಯಲ್ಲಿ ನೆಂಟರು ಬರುತ್ತಾರೆಂದು ಸುಳಿವು ಸಿಕ್ಕವರು, ಎಲ್ಲರೂ ಸಲಹೆಗೆ ನನ್ನ ಹತ್ತಿರ ಬರುತ್ತಾರೆ. ನನ್ನ ಅರ್ಹತೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮದುವೆಗೆ ಮೊದಲು ನಾನು ಮುಂಬಯಿ ಬಂದರಿನ ಬೆಲ್ಲಾರ್ಡ್ ಪಿಯರ್ ಕಡೆಯ ಒಂದು ಕಚೇರಿಯಲ್ಲಿ ಗುಮಾಸ್ತ. ಬೇರೆಯವರ ಪೆಟ್ಟಿಗೆಗಳನ್ನು ಬೇರೆಯವರ ಹಡಗಿನಿಂದ ಬಿಡಿಸಿ ಬೇರೆಯವರ ಗೋದಾಮಿಗೆ ಮುಟ್ಟಿಸುವುದು ನಮ್ಮ ಉದ್ಯೋಗ. ನನ್ನ ಮೇಜಿನಿಂದ ಎದ್ದು, ಕಿಟಕಿಗೆ ಹೋಗಿ, ಕತ್ತು ಉದ್ದ ಮಾಡಿದರೆ ಯಾವುದಾದರೊಂದು ಹಡಗಿನ ಹೊಗೆಕೊಳವೆಯ ತುದಿ ಕಾಣುತ್ತಿತ್ತು. ಬೆಲ್ಲಾರ್ಡ್ ಪಿಯರಿನಲ್ಲಿ ಇದಕ್ಕೆ ಬೆಲೆಯಿಲ್ಲ. ಆದರೆ ದೂರದ ಉಪನಗರ ಮುಲುಂಡಿನಲ್ಲಿ ಇಷ್ಟು ಸಾಕಿತ್ತು. ಅಲ್ಲಿ ನಾನು ನೌಕಾಸೇನಾಪತಿ.

ಮುಲುಂಡಿನಲ್ಲಿ ನನ್ನ ಕಾಕಾನ ಮನೆ. ನಮ್ಮ ತಂದೆಯ ತಮ್ಮ ಗುಂಡೂಕಾಕಾ, ಅವರ ಹೆಂಡತಿ ಕಾಕೂ, ಇಬ್ಬರೇ. ಮಕ್ಕಳಿಲ್ಲದ ಆ ಮನೆಯಲ್ಲಿ ಬ್ರಹ್ಮಚಾರಿಯಾದ ನಾನು ಬಾಡಿಗೆ ಕೊಡದ ಬಾಡಿಗೆದಾರ. ಕಾಕಾ ಕೋಟೆಯ ಕಡೆ ಒಂದು ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು ಆ ದಸರೆಗೆ ನಿವೃತ್ತರಾಗಿದ್ದರು. ಬರುವ ಚೈತ್ರದಲ್ಲಿ ಮುಂಬಯಿ ಬಿಟ್ಟು ಧಾರವಾಡಕ್ಕೆ ಹೋಗಿ ನೆಲಸುವುದೆಂದು ನಿಶ್ಚಯವಾಗಿತ್ತು. ಧಾರವಾಡದಲ್ಲಿ ಸ್ವಂತ ಮನೆ ಇತ್ತು, ಹಿತ್ತಿಲಿತ್ತು, ಮಾತಾಡುವ ಜನ ಬೇಕಾದಷ್ಟಿದ್ದರು. ಸಮುದ್ರ ಒಂದಿರಲಿಲ್ಲ.

ಕಾಕೂನ ಕೊರತೆ ಅಲ್ಲಿಯೇ. ಅವಳು ನವಲಗುಂದದ ಕಡೆಯವಳು, ನೀರನ್ನು ಕೊಡಗಳಲ್ಲಿ ಎಣಿಸಿ ತಿಳಿದವಳು. ಮದುವೆಯಾಗಿ ಮುಂಬಯಿಗೆ ಬರುವಾಗ ಅವಳ ಓರಗೆಯವರು "ಸಮುದ್ರ ನೋಡೂ ಪುಣ್ಯಾ ನಿಂದು" ಎಂದು ಹೊಟ್ಟೆಕಿಚ್ಚುಪಟ್ಟಿದ್ದರಂತೆ. ಬಂದು ಇಷ್ಟು ವರ್ಷವಾದರೂ ತಾನು ಸಮುದ್ರ ನೋಡಿಲ್ಲ ಎಂಬುದು ಅವಳ ವಾದ. ಇದನ್ನು ಕೇಳಿದರೆ ಕಾಕಾಗೆ ಎಲ್ಲಿಲ್ಲದ ಸಿಟ್ಟು.

"ಚೌಪಾಟಿ ತೋರಿಸಲಿಲ್ಲೇನು ನಾ?"

"ತೋರಿಸಿದ್ರಿ. ಈ ಕಡೆ ಗುಡ್ಡ ಕೂತದ, ಆ ಕಡೆ ಬಿಲ್ಡಿಂಗ್ ನಿಂತಾವ."

"ಗೇಟ್‌ವೇಕ್ಕ ಕರಕೊಂಡು ಹೋಗಿದ್ದೆ."

"ಅಲ್ಲೆ ಎದುರಿಗೇ ಗುಡ್ಡ. ದಂಡಿ ಕಾಣಿಸ್ತಂದ್ರ ಅದಕ್ಕ ಕೆರಿ ಅಂತಾರ್ರಿ, ಸಮುದ್ರ ಅನ್ನೂದಿಲ್ಲ."

"ಪಾರ್ಲೆದಾಗ ಮುಂಜಿವಿಗೆ ಹೋದಾಗ ಜುಹೂಕ್ಕ ಹೋಗಿದ್ವಿ. ಅಲ್ಲೆ ಎದುರಿಗೆ ಯಾವ ದಂಡಿ ಇತ್ತು?"

"ನಾ ನಿಂತದ್ದ ದಂಡಿ ಮ್ಯಾಲೆ."

ಕಾಕಾ ಇಲ್ಲಿಗೆ ಪಂಚಾಂಗ ತೆರೆಯುತ್ತಿದ್ದರು. ಉತ್ತರ ತೋಚದಿದ್ದಾಗ ಅವರು ತಿಥಿ ನೋಡುವುದು ರೂಢಿ.

ಅವಳಿಗೆ ಬೇಕಾದದ್ದು ಎದುರಿಗೂ ದಂಡೆಯಿಲ್ಲದ, ಕಾಲಡಿಗೂ ದಂಡೆಯಿಲ್ಲದ ನೀರು. ಅದಕ್ಕೆ ಹಡಗು ಹತ್ತಬೇಕು. ಹತ್ತುವುದಿದ್ದರೆ ಚೈತ್ರದೊಳಗೆ ಹತ್ತಬೇಕು. "ಧಾರವಾಡಕ್ಕ ಹೋದ್ವೀ ಅಂದ್ರ ಮುಗೀತು. ಅಲ್ಲಿ ಕೂತು ಸಮುದ್ರಾ ಎಲ್ಲಿಂದ ತರ್ಲಿ?" ಎಂದು ಅವಳು ಅಕ್ಕಿ ಆರಿಸುತ್ತಾ ಅನ್ನುತ್ತಿದ್ದಳು. ಜಗಳದ ದನಿಯಲ್ಲ. ಬಂಡಿ ತಪ್ಪುತ್ತದೆ ಎಂದು ಹೇಳುವ ದನಿ.

ಕಾಕಾನ ಅಡ್ಡಿ ಎರಡು. ಒಂದು ಶಾಸ್ತ್ರದ್ದು: ಸಮುದ್ರೋಲ್ಲಂಘನೆ ನಿಷಿದ್ಧ. ಎರಡನೆಯದು ಶಾಸ್ತ್ರಕ್ಕಿಂತ ಗಟ್ಟಿಯಾದದ್ದು. ಕಾಕಾನ ಚುಲತ ಅಣ್ಣನೊಬ್ಬ, ಅಂದರೆ ದೊಡ್ಡಪ್ಪನ ಮಗ, ಹಿಂದೆ ವಿಲಾಯಿತಿಗೆ ಓದಲು ಹೋಗಿ ಬಂದಿದ್ದ. ಬಂದವನ ತಲೆ ಬೋಳಿಸಿ, ಪಂಚಗವ್ಯ ಕುಡಿಸಿ, ಮೂರು ದಿನ ಪಡಸಾಲೆಯಲ್ಲಿ ಕೂಡಿಸಿದ್ದರಲ್ಲಿ ಆಗಿನ್ನೂ ಮೀಸೆ ಮೂಡದ ಗುಂಡೂಕಾಕಾನ ಗದ್ದಲವೇ ಎಲ್ಲರಿಗಿಂತ ಹೆಚ್ಚಿತ್ತಂತೆ. ಆ ಅಣ್ಣ ಈಗ ಪುಣೆಯಲ್ಲಿ ಪೆನ್ಶನ್ ತಿನ್ನುತ್ತ ಗಟ್ಟಿಮುಟ್ಟಾಗಿದ್ದಾನೆ.

"ನಾ ಆಗಬೋಟಿ ಹತ್ತಿದೆ ಅಂತ ಅವಗ ತಿಳೀತಂದ್ರ," ಎಂದರು ಕಾಕಾ, "ಹಜಾಮನ್ನ ಕರಕೊಂಡ ಬರ್ತಾನ ಅಂವ. ತಾನ ರೊಕ್ಕಾ ಕೊಟ್ಟು."

ಎರಡು ದಿನ ಬಿಟ್ಟು, ಊಟಕ್ಕೆ ಕೂತಾಗ, ಕಾಕೂ ಸಾರು ಬಡಿಸುತ್ತ ಕೇಳಿದಳು: "ಅಲ್ರಿ, ಮುಂಬಯಿ ಅಂದ್ರ ನಡುಗಡ್ಡಿ ಅಂತಾರಲ್ಲ, ಖರೆ ಏನು?"

"ಖರೆ."

"ಕುರ್ಲಾ ಬಿಟ್ಟು ಸಾಯನ್ ಬರೂಕಿಂತ ಮೊದಲ ಒಂದು ಖಾಡಿ ಬರ್ತದ. ಸಮುದ್ರದ್ದ ನೀರು ಒಳಗ ಬಂದದ್ದು, ಹೌದಲ್ಲೊ?"

"ಹೂಂ."

"ಹಂಗಾರ ಮೂವತ್ತ ವರ್ಷ ದಿನಾ ಎರಡೆರಡು ಸಲ ಸಮುದ್ರ ದಾಟೀರಿ."

ಕಾಕಾ ತುತ್ತು ಅರ್ಧಕ್ಕೆ ನಿಲ್ಲಿಸಿದರು. "ಅದು ಗಟಾರ," ಎಂದರು. ಆದರೆ ಆ ಸಂಜೆಯೇ ಮಾಟುಂಗಾಕ್ಕೆ, ಶಾಸ್ತ್ರ ಬಲ್ಲ ಆಚಾರ್ಯರ ಮನೆಗೆ ಹೊರಟರು. ಜೊತೆಗೆ ಕಾಕೂ, ಅವಳ ಕೈಯಲ್ಲಿ ಒಂದು ಡಬ್ಬಿ ಬೇಸನ್ ಉಂಡಿ. ಹಿಂದೆ ನಾನು, ನೌಕಾವಿಷಯಗಳ ತಜ್ಞನಾಗಿ.

ಆಚಾರ್ಯರು ನಮ್ಮ ಕಡೆಯವರೇ, ವಯಸ್ಸಾದವರು, ಉಂಡಿಯನ್ನೂ ಸಮಸ್ಯೆಯನ್ನೂ ನಿಧಾನವಾಗಿ ಚಪ್ಪರಿಸುವವರು. ಕಣ್ಣು ಮುಚ್ಚಿ ಬಹಳ ಹೊತ್ತು ಕೂತರು. ಆಮೇಲೆ ನನ್ನನ್ನು ಕೇಳಿದರು: "ಈ ಆಗಬೋಟಿ ದಂಡಿ ಹಿಡಕೊಂಡ ಹೋಗತದೊ, ನಡು ನೀರಾಗ ಹೋಗತದೊ?"

"ಕೊಂಕಣದ ಬೋಟಿ ದಂಡಿ ಹಿಡಕೊಂಡ ಹೋಗತದ್ರಿ," ಎಂದೆ ಅಧಿಕಾರವಾಣಿಯಿಂದ.

"ಹಂಗಾರ ಕೇಳ್ರಿ. ನೆಲ ಕಣ್ಣಿಗೆ ಬೀಳೂ ತನಕಾ ಅದು ಉಲ್ಲಂಘನಾ ಅಲ್ಲ. ದೊಡ್ಡ ಹೊಳೀ ದಂಡಿಗುಂಟ ದೋಣಿಯೊಳಗ ಹೋದ್ಹಂಗ. ದಕ್ಷಿಣಕ್ಕ ಹೋಗ್ತೀರಿ ಅಂದ್ರ ನೆಲ ಎಡಕ್ಕ ಬರ್ತದ. ಎಡಗಡೆ ಕೂಡ್ರಿ. ಹೋಗಿ ಬರೂ ತನಕಾ ಎಡಗಡೆ ಬಿಟ್ಟು ಏಳಬ್ಯಾಡ್ರಿ." ಕಾಕೂನ ಕಡೆ ತಿರುಗಿ, "ನೀವೂ ಅಷ್ಟ, ತಾಯಿ. ಬಲಗಡೆ ಏನದ ನೋಡೋಣು ಅಂತ ಹೋಗೂದಲ್ಲ," ಎಂದರು.

ಕಾಕೂನ ಮುಖ ಇಳಿಯಿತು. ಹಡಗು ಸಿಕ್ಕಿತು, ಸಮುದ್ರ ಹೋಯಿತು. ಎಡಗಡೆ ಕೂತರೆ ಕಾಣುವುದು ದಂಡೆ. ಆದರೂ ಅವಳು ದೇವರ ಮುಂದೆ ತಲೆಬಾಗಿ, "ಎಡಗಡೆ ಬಿಟ್ಟು ಏಳೂದಿಲ್ಲ" ಎಂದು ಮಾತು ಕೊಟ್ಟಳು. ಲೋಕಲ್ ರೈಲಿನಲ್ಲಿ ಮರಳುವಾಗ ಕುರ್ಲಾದ ಹತ್ತಿರ ಆ ಖಾಡಿಯನ್ನು ಮಾತ್ರ ಕತ್ತು ತಿರುಗಿಸಿ ನೋಡಿದಳು.

ಈಗ ಸಲಹೆಯ ಭಾಗಕ್ಕೆ ಬರೋಣ. ಹಡಗು ಹತ್ತುವವರು ಮೊದಲು ಆರಿಸಬೇಕಾದದ್ದು ತಿಂಗಳು. ಮಳೆಗಾಲದಲ್ಲಿ ಕೊಂಕಣದ ಬೋಟಿಗಳೇ ಇಲ್ಲ, ಆದ್ದರಿಂದ ಆ ವಿಷಯದಲ್ಲಿ ನಿಮಗೆ ಬುದ್ಧಿ ಬೇಕಾಗಿಲ್ಲ. ಮೀನುಗಾರರು ಶ್ರಾವಣದ ಹುಣ್ಣಿಮೆಗೆ ತೆಂಗಿನಕಾಯಿ ಎಸೆದು ಸಮುದ್ರವನ್ನು ಸಮಾಧಾನ ಮಾಡುತ್ತಾರಾದರೂ ಅದು ಪೂರ್ತಿ ಸಮಾಧಾನವಾಗುವುದು ದೀಪಾವಳಿಯ ನಂತರ. ನಾವು ಕಾರ್ತಿಕವನ್ನು ಆರಿಸಿದೆವು. ಎರಡನೆಯದು ಹೊಟ್ಟೆಯ ವ್ಯವಸ್ಥೆ. ಈ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ನಮ್ಮ ಕಚೇರಿಯ ಹೆಡ್‌ಕ್ಲಾರ್ಕರು, ಖಾಲಿ ಹೊಟ್ಟೆಯಲ್ಲಿ ಹತ್ತಬೇಕು ಎಂದರು. ಕೆಳಗಿನ ಹೋಟೆಲಿನ ಶೆಟ್ಟರು ಕುಂದಾಪುರದವರು. ಸಮುದ್ರದ ಮಗ್ಗುಲಲ್ಲೇ ಹುಟ್ಟಿದವರು. ಅವರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ನಕ್ಕರು.

"ಹೊಟ್ಟೆ ತುಂಬ ತಿಂದು ಹತ್ತಿ ಮಾರಾಯ್ರೆ. ಕಾರ್ಲಿಕ್ಕೆ ಏನಾದ್ರೂ ಬೇಕಲ್ಲ?"

ನಾನು ಶೆಟ್ಟರ ಮಾತನ್ನು ನಂಬಿ ಅವರಲ್ಲೇ ಮಸಾಲೆ ದೋಸೆ ತಿಂದು ಹತ್ತಿದೆ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಮೂರನೆಯದು ಟಿಕೆಟ್ಟು. ನಾವು ವಿಹಾರಕ್ಕೆ ಹೋಗುವವರು. ಅಂದರೆ ವೆಂಗುರ್ಲೆಯವರೆಗೆ ಹೋಗಿ ಅದೇ ಹಡಗಿನಲ್ಲಿ ಹಿಂದಕ್ಕೆ ಬರುವವರು. ಆ ಕಾಲಕ್ಕೆ ಇದು ಯಾರೂ ಕಂಡು ಕೇಳದ ಸಂಗತಿ. ಬೋಟಿ ಹತ್ತುವವರೆಂದರೆ ಊರಿಗೆ ಹೊರಟ ಗಿರಣಿಯವರು, ಬಾಣಂತನಕ್ಕೆ ಹೊರಟವರು, ಕೋರ್ಟಿನ ಕೆಲಸಕ್ಕೆ ಹೊರಟವರು. ಕಿಟಕಿಯ ಹಿಂದಿನ ಗುಮಾಸ್ತ ಪೆನ್ನು ಹಿಡಿದು ಮರಾಠಿಯಲ್ಲಿ, ಇಳಿಯುವುದೆಲ್ಲಿ ಎಂದು ಕೇಳಿದ. "ಕುಠೇ ಉತರಣಾರ?"

"ಇಥೇಚ," ಎಂದರು ಕಾಕಾ. ಇಲ್ಲಿಯೇ.

ಗುಮಾಸ್ತ ಪೆನ್ನು ಕೆಳಗಿಟ್ಟ. ಇಲ್ಲೇ ಇಳಿಯುವುದಾದರೆ ಹೋಗುವುದೇಕೆ ಎಂದು ಕೇಳಿದ. ನ್ಯಾಯವಾದ ಪ್ರಶ್ನೆ. ಕಾಕಾಗೆ ಪಂಚಾಂಗ ಕೈಯಲ್ಲಿರಲಿಲ್ಲ. ಹಿಂದಿನಿಂದ ಕಾಕೂ, "ಬಘಾಯಲಾ" ಎಂದಳು. ನೋಡಲಿಕ್ಕೆ. ಅವನು ಅವಳನ್ನು ನೋಡಿ, ಪೆನ್ನು ಎತ್ತಿಕೊಂಡು ಬರೆಯತೊಡಗಿದ.

ಹೋಗುವಾಗ ಎಡಗಡೆಯ ಖೋಲಿ, ಅಂದರೆ ಹಡಗಿನ ಕೋಣೆ, ಗೊತ್ತಾಯಿತು. ಬರುವಾಗ ಯಾವ ಬಾಜು ಬೇಕು ಎಂದು ಅವನು ಕೇಳಿದಾಗ ಕಾಕಾ ತುಸು ಕನಿಕರದಿಂದಲೇ, "ಅದೇ ಖೋಲಿ, ಅದೇ ಬಾಜು" ಎಂದರು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಕಾಕಾ ಮೂವತ್ತು ವರ್ಷ ಲೋಕಲಿನಲ್ಲಿ ಓಡಾಡಿದವರು. ಲೋಕಲಿಗೆ ಬೆನ್ನೆಂಬುದಿಲ್ಲ, ಎರಡು ತುದಿಗೂ ಮುಖ. ಮುಲುಂಡಿನಿಂದ ವಿ.ಟಿ.ಗೆ ಹೋದ ಡಬ್ಬಿ ತಿರುಗುವುದಿಲ್ಲ. ಹೋದ ಹಾಗೆಯೇ ಹಿಂದುಹಿಂದಕ್ಕೆ ಬರುತ್ತದೆ. ಹೋಗುವಾಗ ಯಾವ ಕಿಟಕಿಯಲ್ಲಿ ಗುಡ್ಡ ಕಂಡಿತೋ ಬರುವಾಗಲೂ ಅದೇ ಕಿಟಕಿಯಲ್ಲಿ ಅದೇ ಗುಡ್ಡ. ಈ ಸತ್ಯವನ್ನು ಆಧರಿಸಿ ಕಾಕಾ ತಮ್ಮ ಬಿಸಿಲು ನೆರಳನ್ನೆಲ್ಲ ನಿರ್ಧರಿಸಿಕೊಂಡಿದ್ದರು. ಹಡಗು ಬೇರೆ ಯಾವ ರೀತಿಯಿಂದಾದರೂ ಮರಳಬಹುದು ಎಂಬುದು ಅವರಿಗೆ ಹೊಳೆಯಲಿಲ್ಲ. ಬೆಲ್ಲಾರ್ಡ್ ಪಿಯರಿನ ನನಗೂ ಹೊಳೆಯಲಿಲ್ಲ. ಆಚಾರ್ಯರೂ ಮಾಟುಂಗಾದಿಂದ ಲೋಕಲಿನಲ್ಲೇ ಪೂಜೆಗೆ ಹೋಗುತ್ತಿದ್ದವರು ಎಂಬುದನ್ನು ಗಮನಿಸಬೇಕು.

ಕಾಕೂ ಕಾಕಾನ ಮುಖ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. "ಹೂಂ, ಅದ ಖೋಲಿ ಇರಲಿ," ಎಂದಳು. "ಸಾಮಾನು ಎತ್ತಾಡೂದು ತಪ್ಪತದ."

ಸಾಮಾನು ಎಂದಳಲ್ಲ, ಅದನ್ನೂ ಹೇಳಿಬಿಡುತ್ತೇನೆ. ವಿಹಾರಕ್ಕೆ ಹೋಗುವವರು ಸಾಮಾನು ಕಡಿಮೆ ಒಯ್ಯಬೇಕು. ನಮ್ಮದು ಒಂದು ಟ್ರಂಕು, ಎರಡು ಹಾಸಿಗೆ ಸುರುಳಿ, ಕಡಕ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಹಚ್ಚಿದ ಅವಲಕ್ಕಿ, ದೇವರ ಪೂಜೆಯ ಸಂಪುಟದ ಪೆಟ್ಟಿಗೆ, ಒಂದು ಹೂಜಿ, ಮತ್ತು ಕಾಕಾನ ತೊಡೆಯ ಮೇಲೆ ಆ ತಿರುಪಿನ ತಂಬಿಗೆ. ಹಡಗು ಹತ್ತುವ ಭಾವೂಚಾ ಧಕ್ಕೆಯಲ್ಲಿ ಹಮಾಲ ನಮ್ಮನ್ನು ನೋಡಿ, ಮನೆ ಬಿಟ್ಟು ಹೊರಟಿರಾ ಎಂದು ಮರುಕದಿಂದ ಕೇಳಿದ.

ಖೋಲಿ ಅವರಿಬ್ಬರದು. ನಾನು ಡೆಕ್ಕಿನ ಪ್ರಯಾಣಿಕ. ಡೆಕ್ಕಿನಲ್ಲಿ ಜಾಗ ಹಿಡಿಯುವುದೆಂದರೆ ಚಾದರ ಎಸೆಯುವುದು. ಯಾರ ಚಾದರ ಮೊದಲು ನೆಲ ಮುಟ್ಟಿತೋ ಅವರ ಸಾಮ್ರಾಜ್ಯ. ನಾನು ಯೋಚಿಸಿ ಎಸೆಯುವಷ್ಟರಲ್ಲಿ ಸಾಮ್ರಾಜ್ಯಗಳೆಲ್ಲ ಹಂಚಿಹೋಗಿ, ನನಗೆ ನೀರಿನ ಪೀಪಾಯಿಯ ಪಕ್ಕದ ಒಂದು ಸಂದು ಉಳಿಯಿತು. ನೆರೆಯಲ್ಲಿ ಮಾಲವಣದ ಒಬ್ಬ ಹೆಂಗಸು, ಎಲ್ಲರ ಬಾಯಲ್ಲೂ ಮಾವಶಿ, ತವರಿಗೆ ಹೊರಟವಳು. ಹಡಗು ಬಂದರು ಬಿಟ್ಟು ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ಮೈ ಮುರಿದದ್ದೇ ತಡ, ಶೆಟ್ಟರ ದೋಸೆ ಕೆಲಸಕ್ಕೆ ಬಂತು. ಮಾವಶಿ ತನ್ನ ಬಕೆಟ್ಟನ್ನು ಕಾಲಿನಿಂದ ನನ್ನ ಕಡೆ ತಳ್ಳಿದಳು. ಏನು ಕೆಲಸ ಮಾಡುತ್ತೀ ಎಂದು ಕೇಳಿದಳು. ಹಡಗಿನ ಕಚೇರಿಯಲ್ಲಿ ಎಂದೆ. ಅವಳು ಅದನ್ನು ಆಚೆಯ ಚಾದರದವರಿಗೆ ಹೇಳಿದಳು, ಅವರು ಅವರಾಚೆಯವರಿಗೆ ಹೇಳಿದರು. ನಗು ಡೆಕ್ಕಿನ ಕೊನೆಯವರೆಗೆ ಹೋಗಿ, ಅಲ್ಲಿ ತಿರುಗಿ, ನನ್ನ ಹತ್ತಿರ ಬಂತು.

ಮಧ್ಯಾಹ್ನದ ನಂತರ, ಬಾಯಲ್ಲಿ ಮಾವಶಿ ಕೊಟ್ಟ ಆಮಸೂಲಿನ ಹುಳಿ ಸಿಪ್ಪೆ ಇಟ್ಟುಕೊಂಡು, ಕಂಬ ಕಂಬ ಹಿಡಿಯುತ್ತ ಖೋಲಿಯತ್ತ ಹೋದೆ. ಖೋಲಿಯ ಮುಂದೆ ಒಬ್ಬರು ನಿಲ್ಲುವಷ್ಟು ಅಗಲದ ಓಣಿ, ಅದಕ್ಕೊಂದು ಕಟಕಟೆ. ಕಾಕಾ ಕಟಕಟೆಯ ಹತ್ತಿರ ಸ್ಟೂಲು ಹಾಕಿಕೊಂಡು ನೆಲವನ್ನು ಕಾಯುತ್ತಿದ್ದರು. ಕೊಂಕಣದ ಗುಡ್ಡಗಳು ಒಂದರ ಹಿಂದೊಂದು ಬಂದು, ಅವರಿಗೆ ಹಾಜರಿ ಕೊಟ್ಟು, ಹಿಂದೆ ಸರಿಯುತ್ತಿದ್ದವು.

"ಹ್ಯಾಂಗದ ಕಾಕೂ?" ಎಂದೆ.

"ಗುಡ್ಡ ಅದ," ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಮತ್ತ ಗುಡ್ಡ," ಎಂದಳು. "ಇಷ್ಟು ಮುಲುಂಡದಾಗ ಹಿತ್ತಲ ಬಾಗಲಾ ತಗದ್ರೂ ಕಾಣತದ."

"ಪುಣ್ಯಾ ಮಾಡೀಯಂತ ಕಾಣಲಿಕ್ಕತ್ತದ," ಎಂದರು ಕಾಕಾ, ಕಣ್ಣು ಕೀಳದೆ.

ಗುಡ್ಡಕ್ಕೂ ನಮಗೂ ನಡುವೆ ನೀರಿನ ಒಂದು ಪಟ್ಟಿ ಇತ್ತು. ನಿಜ ಹೇಳಬೇಕೆಂದರೆ ಅದು ಕೆರೆಯ ಹಾಗೆಯೇ ಇತ್ತು. ಮೂವತ್ತು ವರ್ಷ ಕಾದು ಹಡಗು ಹತ್ತಿ ಅವಳು ಕೆರೆ ನೋಡುತ್ತಿದ್ದಳು. ಹಿಂದೆ, ಒಂದು ಹಲಗೆ ಗೋಡೆಯ ಆಚೆ, ಸಮುದ್ರವಿತ್ತು. ನನಗೆ ಹೊಟ್ಟೆಯ ಸಂಕಟದ ನಡುವೆಯೂ ಬೇರೆ ಸಂಕಟವಾಯಿತು. ಕಾಕಾ ಸಂಪುಟದ ಪೆಟ್ಟಿಗೆ ತೆರೆಯಲು ಒಳಗೆ ಹೋದಾಗ ಮೆಲ್ಲಗೆ, "ಬಲಗಡೆ ಬರ್ತೀಯೇನು ಒಂದು ನಿಮಿಷ? ನಾ ಕರಕೊಂಡ ಹೋಗ್ತೇನಿ" ಎಂದೆ.

"ಬ್ಯಾಡಪಾ," ಎಂದಳು. "ದೇವರ ಮುಂದ ಮಾತು ಕೊಟ್ಟೇನಿ. ಎಡಗಡೆ ಬಿಟ್ಟು ಏಳೂದಿಲ್ಲ." ಆ ದನಿಯಲ್ಲಿದ್ದ ಶಾಂತಿಯನ್ನು ನಾನು ವೈರಾಗ್ಯವೆಂದು ತಿಳಿದೆ.

ಸಂಜೆ ಕಾಕಾ ಸಂಧ್ಯಾವಂದನೆಗೆ ನಿಂತರು. ಸಾಯಂಕಾಲದ ಅರ್ಘ್ಯ ಪಶ್ಚಿಮಕ್ಕೆ ಮುಖ ಮಾಡಿ ಕೊಡಬೇಕು. ಪಶ್ಚಿಮಕ್ಕೆ ಖೋಲಿಯ ಹಿಂದಿನ ಬಾಗಿಲಿತ್ತು. ಅವರು ಮುಚ್ಚಿದ ಬಾಗಿಲಿಗೆ ನಮಸ್ಕರಿಸಿ, ಬೊಗಸೆಯಲ್ಲಿ ನೀರು ಎತ್ತಿದ ಹೊತ್ತಿಗೆ ಸರಿಯಾಗಿ ಕ್ಯಾಂಟೀನಿನವನು ಚಹಾ ಬೇಕೇ ಎಂದು ಆ ಬಾಗಿಲು ತೆರೆದ. ಅರ್ಘ್ಯ ಅವನಿಗೆ ಸಂದಿತು. ಅವನು ಅದನ್ನು ಬೇಡ ಎಂಬ ಉತ್ತರವೆಂದು ಸ್ವೀಕರಿಸಿ ಹೋದ.

ಮರುದಿನ ಬೆಳಿಗ್ಗೆ ವೆಂಗುರ್ಲೆ. ಹಡಗು ದಂಡೆಯಿಂದ ದೂರದಲ್ಲೇ ಲಂಗರು ಹಾಕಿತು; ದೋಣಿಗಳು ಬಂದು ಜನರನ್ನೂ ಕೋಳಿಗಳನ್ನೂ ಇಳಿಸಿಕೊಂಡು, ಬೇರೆ ಜನರನ್ನೂ ಬೇರೆ ಕೋಳಿಗಳನ್ನೂ ಹತ್ತಿಸಿದವು. ನಾವು ಮೂವರು ಓಣಿಯಲ್ಲಿ ಕೂತು ಅವಲಕ್ಕಿ ತಿನ್ನುತ್ತಿದ್ದೆವು. ನನ್ನ ಹೊಟ್ಟೆ ಸಮುದ್ರದೊಡನೆ ಕರಾರಿಗೆ ಬಂದಿತ್ತು. ಲಂಗರು ಎತ್ತಿದ ಸದ್ದಾಯಿತು. ಆಗ ಎದುರಿನ ಗುಡ್ಡ ಮೆಲ್ಲಗೆ ಸರಿಯತೊಡಗಿತು.

"ಹೊಂಟ್ತು," ಎಂದರು ಕಾಕಾ ಸಮಾಧಾನದಿಂದ.

ಗುಡ್ಡ ಸರಿಯುತ್ತಲೇ ಇತ್ತು. ಅದರ ಹಿಂದೆ ದೀಪಸ್ತಂಭ ಸರಿಯಿತು, ತೆಂಗಿನ ಸಾಲು ಸರಿಯಿತು, ದಂಡೆಯ ಕೊನೆಯ ಕಲ್ಲು ಸರಿಯಿತು. ಆಮೇಲೆ ನೀರು ಬಂತು. ಆಮೇಲೂ ನೀರೇ ಬಂತು. ಹಡಗು ಸುತ್ತುವುದನ್ನು ನಿಲ್ಲಿಸಿ ನೆಟ್ಟಗಾದಾಗ ನಮ್ಮ ಎದುರಿಗೆ ನೀರಲ್ಲದೆ ಏನೂ ಇರಲಿಲ್ಲ.

ಕಾಕಾನ ಕೈಯಲ್ಲಿ ಅವಲಕ್ಕಿ ಹಾಗೇ ಇತ್ತು. "ಶೀನ್ಯಾ, ನೆಲ ಎಲ್ಲೆ ಹೋತೋ?"

"ಆ ಬಾಜೂಕ್ಕ ಹೋತ್ರಿ, ಕಾಕಾ."

"ಯಾಕ ಹೋತು?"

"ಹಡಗ ಹೊಳ್ಳಿತಲ್ರಿ."

"ಯಾರನ್ನ ಕೇಳಿ ಹೊಳ್ಳಿತು?"

ಕಾಕಾ ತಂಬಿಗೆಯನ್ನು ಎತ್ತಿಕೊಂಡು ಎದ್ದರು. "ಏಳು, ಆ ಬಾಜೂಕ್ಕ ಹೋಗೂಣು," ಎಂದರು ಕಾಕೂಗೆ.

"ಅದು ಬಲಗಡೆ," ಎಂದಳು ಕಾಕೂ. ಕೂತಲ್ಲಿಂದ ಅಲ್ಲಾಡಲಿಲ್ಲ.

"ನೆಲ ಆ ಬಾಜೂ ಅದ."

"ಇರಲಿ. ಆಚಾರ್ರು ಏನಂದ್ರು? ಹೋಗಿ ಬರೂ ತನಕಾ ಎಡಗಡೆ ಬಿಟ್ಟು ಏಳಬ್ಯಾಡ್ರಿ ಅಂದ್ರು. ಮಾತು ಕೊಟ್ಟಾಕಿ ಇದ್ದೇನಿ ನಾ. ಬೇಕಾದ್ರ ನೀವು ಹೋಗಿ ಬರ್ರಿ."

ಕಾಕಾ ಶಾಸ್ತ್ರದ ಮನುಷ್ಯ. ಶಬ್ದಕ್ಕೆ ಬೆಲೆ ಕೊಡುವವರು. ಶಬ್ದ ಎಡಕ್ಕೆ ಎಳೆಯಿತು, ಅರ್ಥ ಬಲಕ್ಕೆ ಎಳೆಯಿತು. ಕೊನೆಗೆ ಅರ್ಥದ ಹಿಂದೆ ಹೋದರು. ಬಲಗಡೆಯ ಖೋಲಿಗಳ ಬಾಗಿಲು ಮುಚ್ಚಿದ್ದವು. ಆಚೆಯ ಡೆಕ್ಕಿನಲ್ಲಿ ನೆಲ ಕಾಣುವ ಒಂದೇ ಒಂದು ಜಾಗ ತೆರವಿತ್ತು. ಅದು ತೆರವಿದ್ದುದಕ್ಕೆ ಕಾರಣ ಅದರ ಎರಡೂ ಮಗ್ಗುಲಿಗಿದ್ದ ಒಣಮೀನಿನ ಬುಟ್ಟಿಗಳು. ಕಾಕಾ ಉತ್ತರೀಯವನ್ನು ಮೂಗಿಗೆ ಕಟ್ಟಿಕೊಂಡು ಮಧ್ಯಾಹ್ನದವರೆಗೆ ಅಲ್ಲಿ ನೆಲ ನೋಡಿದರು. ಆಮೇಲೆ ಮರಳಿ ಬಂದು, ಖೋಲಿಯ ಮುಂದಿನ ಸ್ಟೂಲಿನ ಮೇಲೆ ಸಮುದ್ರಕ್ಕೆ ಬೆನ್ನು ಮಾಡಿ ಕೂತು, ಕಣ್ಣು ಮುಚ್ಚಿ, ಸ್ತೋತ್ರ ಹೇಳತೊಡಗಿದರು. ನೋಡದ ಸಮುದ್ರವನ್ನು ದಾಟಿದಂತಾಗುವುದಿಲ್ಲ ಎಂಬುದು ಅವರ ಹೊಸ ನಿಲುವಿರಬೇಕು.

ಕಾಕೂ ನೋಡಿದಳು. ಅವಳು ಏನು ನೋಡಿದಳು ಎಂದು ನನ್ನನ್ನು ಕೇಳಿದರೆ ಹೇಳುವುದು ಕಷ್ಟ. ನೀರು ಮೊದಲು ಹಸಿರಿತ್ತು, ದೂರ ಹೋದಂತೆ ನೀಲಿಯಾಯಿತು, ತುದಿಯಲ್ಲಿ ಬೆಳ್ಳಗೆ ಆಕಾಶಕ್ಕೆ ಅಂಟಿಕೊಂಡಿತ್ತು. ಒಂದು ಹಕ್ಕಿ ಇಲ್ಲ, ಒಂದು ಹಾಯಿ ಇಲ್ಲ. ಊಟಕ್ಕೆ ಕರೆದೆ, ಬರಲಿಲ್ಲ. ರೊಟ್ಟಿ ಕೈಗೆ ಕೊಟ್ಟೆ, ಅದನ್ನು ಹಿಡಿದುಕೊಂಡೇ ಕೂತಳು. ನಡುವೆ ಒಮ್ಮೆ, ಯಾರಿಗೋ ಗುಟ್ಟು ಹೇಳುವಂತೆ, "ದಂಡಿನ ಇಲ್ಲ ನೋಡು" ಎಂದಳು.

ಹೊತ್ತು ಇಳಿಯಿತು. ಸೂರ್ಯ ನೇರವಾಗಿ ನಮ್ಮ ಓಣಿಯ ಎದುರಿಗೇ ಬಂದ. ಕಾಕಾನ ಸ್ತೋತ್ರ ನಿಧಾನವಾಯಿತು. ಸಂಧ್ಯಾವಂದನೆಯ ಹೊತ್ತಾಗಿತ್ತು, ಮುಖ ಪಶ್ಚಿಮಕ್ಕೆ ಮಾಡಬೇಕು, ಪಶ್ಚಿಮದ ತುಂಬ ಸಮುದ್ರವಿತ್ತು. ಸೂರ್ಯನಿಗೆ ಬೆನ್ನು ತಿರುಗಿಸಿ ಅರ್ಘ್ಯ ಕೊಡುವ ಕ್ರಮ ಯಾವ ಶಾಸ್ತ್ರದಲ್ಲೂ ಇಲ್ಲ. ಕಾಕಾ ಎದ್ದರು. ತಂಬಿಗೆಯ ತಿರುಪು ಬಿಚ್ಚಿ ಮುಚ್ಚಳವನ್ನು ಕಟಕಟೆಯ ಮೇಲಿಟ್ಟರು. ಬೊಗಸೆಯಲ್ಲಿ ನೀರು ತುಂಬಿ, ತಿರುಗಿ, ಕಣ್ಣು ತೆರೆದರು.

ಮುಲುಂಡಿನಲ್ಲಿ ಅವರು ಅರ್ಘ್ಯ ಕೊಡುತ್ತಿದ್ದುದು ಹಿತ್ತಿಲಿನ ಬಚ್ಚಲಕಲ್ಲಿನ ಬಳಿ, ಎದುರಿನ ಬಿಲ್ಡಿಂಗಿನ ನೀರಿನ ಟಾಕಿಗೆ. ಸೂರ್ಯ ಅದರ ಹಿಂದೆಲ್ಲೋ ಇದ್ದಾನೆಂಬ ನಂಬಿಕೆಯ ಮೇಲೆ. ಇಲ್ಲಿ ಅಡ್ಡವೇನೂ ಇರಲಿಲ್ಲ. ಬೊಗಸೆಯ ನೀರು ಬೆರಳ ಸಂದಿನಿಂದ ಸೋರಿಹೋಯಿತು. ಅವರು ಮಂತ್ರ ಆರಂಭಿಸಿರಲಿಲ್ಲ. ಮತ್ತೆ ತುಂಬಿಕೊಂಡರು. ಈ ಸಲ ಮಂತ್ರ ಹೇಳಿದರು, ಎಂದಿಗಿಂತ ಗಟ್ಟಿಯಾಗಿ. ಮೂರನೆಯ ಅರ್ಘ್ಯಕ್ಕೆ ಹಡಗು ಒಮ್ಮೆ ವಾಲಿತು. ಕಟಕಟೆಯ ಮೇಲಿನ ಮುಚ್ಚಳ ಉರುಳಿ, ಕೆಂಪು ಬೆಳಕಿನಲ್ಲಿ ಒಂದು ಸಲ ಮಿಂಚಿ, ಕೆಳಗೆ ಹೋಯಿತು. ಬಿದ್ದ ಸದ್ದೂ ಕೇಳಲಿಲ್ಲ.

ನಾವು ಮೂವರೂ ಬಗ್ಗಿ ನೋಡಿದೆವು.

"ಭಾಳ ಆಳ ಇರಬೇಕು," ಎಂದರು ಕಾಕಾ.

"ಆಳ ಇರಲಿ. ಅಗಲ ನೋಡ್ರಿ," ಎಂದಳು ಕಾಕೂ.

ಕಾಕಾ ನೋಡಿದರು. ಜಪ ಮುಗಿದರೂ ಬೆನ್ನು ತಿರುಗಿಸಲಿಲ್ಲ. ಸ್ಟೂಲನ್ನು ಕಾಲಿನಿಂದ ಎಳೆದು ಕಾಕೂನ ಪಕ್ಕದಲ್ಲಿ ಹಾಕಿಕೊಂಡು ಕೂತರು. ಸೂರ್ಯ ನೀರಿಗೆ ಮುಟ್ಟಿ, ತಟ್ಟೆಯಂತೆ ಅಗಲವಾಗಿ, ಒಳಗಿಳಿದ. ಕಾಕೂ ಕೈಯಲ್ಲಿದ್ದ ರೊಟ್ಟಿಯನ್ನು ಮುರಿದು ಅರ್ಧ ಅವರಿಗೆ ಕೊಟ್ಟಳು. ಅವರು ಅದನ್ನು, ಮಡಿಯ ಮಾತೆತ್ತದೆ, ತಿಂದರು. ನಾನು ನನ್ನ ಪೀಪಾಯಿಯ ಸಂದಿಗೆ ಹೋದೆ.

ಮುಂಬಯಿ ಮುಟ್ಟಿದ ಮೇಲೆ ಕಾಕಾ ನೆಟ್ಟಗೆ ಮಾಟುಂಗಾಕ್ಕೆ ಹೋಗಿ ಆದದ್ದನ್ನೆಲ್ಲ ಒಪ್ಪಿಸಿದರು. ಆಚಾರ್ಯರು ಬಹಳ ಹೊತ್ತು ಕಣ್ಣು ಮುಚ್ಚಿ, ಲೋಕಲ್ ಹೊಳ್ಳುವುದಿಲ್ಲವಲ್ಲ ಎಂದು ತಮಗೆ ತಾವೇ ಅಂದುಕೊಂಡು, ಇಬ್ಬರಿಗೂ ಪಂಚಗವ್ಯ ವಿಧಿಸಿದರು. ತಲೆ ಬೋಳಿಸುವುದು ಬೇಡ, ದಂಡೆ ಕಾಣದಿದ್ದುದು ಒಂದೇ ಬಾಜು ಎಂದರು. ಕಾಕೂ ತನ್ನ ಪಾಲನ್ನು ಒಂದೇ ಗುಟುಕಿಗೆ ಕುಡಿದು ಬಟ್ಟಲು ತೊಳೆದಿಟ್ಟಳು. ಕಾಕಾ ಮುಖ ಹಿಂಡಿಕೊಂಡು ಕುಡಿದರು. ಪುಣೆಯ ಅಣ್ಣನಿಗೆ ತಾವೇ ಒಂದು ಕಾರ್ಡು ಬರೆದರಂತೆ. ಏನು ಬರೆದರೋ ನನಗೆ ತಿಳಿಯದು. ಉತ್ತರವಾಗಿ ಒಂದು ಡಬ್ಬಿ ಪೇಢೆ ಬಂತು.

ಒಂದು ದಿನ ಕಾಕೂ ಒಬ್ಬಳೇ ಇದ್ದಾಗ ಕೇಳಿದೆ. "ಕಾಕೂ, ಹಡಗ ಹೊಳ್ಳತದ ಅಂತ ನಿನಗ ಮೊದಲ ಗೊತ್ತಿತ್ತೇನು?"

"ನೀ ಹಡಗಿನ ಆಫೀಸಿನಾವ," ಎಂದಳು, ಅಕ್ಕಿಯಿಂದ ಕಣ್ಣೆತ್ತದೆ. "ನಾ ಸಣ್ಣಾಕಿ ಇದ್ದಾಗ ಚಕ್ಕಡಿಯೊಳಗ ಓಡಾಡಿದಾಕಿ. ಚಕ್ಕಡಿ ಹೊಳ್ಳಸೇ ತರ್ತಾರಪಾ."

ಇನ್ನೊಂದು ಸಲಹೆ ಉಳಿಯಿತು: ತಿರುಪಿನ ತಂಬಿಗೆಯ ಮುಚ್ಚಳಕ್ಕೆ ದಾರ ಕಟ್ಟಿಕೊಳ್ಳಬೇಕು. ಊರಿಗೆ ಹೊರಡುವಾಗ ಕಾಕಾ ಆ ತಂಬಿಗೆಯನ್ನು ನನಗೆ ಬಿಟ್ಟುಹೋದರು.

ಚೈತ್ರದಲ್ಲಿ ಅವರು ಹೊರಟರು. ಧಾರವಾಡಕ್ಕೆ ನೆಟ್ಟಗೆ ರೈಲಿದೆ, ಅದರಲ್ಲಿ ಹೋಗಲಿಲ್ಲ. ವೆಂಗುರ್ಲೆಯವರೆಗೆ ಹಡಗು, ಅಲ್ಲಿಂದ ಬೆಳಗಾವಿಗೆ ಬಸ್ಸು, ಅಲ್ಲಿಂದ ಧಾರವಾಡ. ಟಿಕೆಟ್ಟು ತೆಗೆಸಲು ಕಾಕಾ ಒಬ್ಬರೇ ಹೋಗಿದ್ದರು. ಖೋಲಿ ಬಲಗಡೆಯದು.